ಬೀದಿಗೆ ಬಿದ್ದ ಸಾಕುನಾಯಿ

ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲೆಲ್ಲ ನಾಯಿಯೇ ಮೊದಲನೆಯದೆಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ಆಕಳು ಹಟ್ಟಿಗೆ ಬರುವ ಮೊದಲೇ, ಕುದುರೆಗೆ ಲಗಾಮು ಬೀಳುವ ಮೊದಲೇ, ಮನುಷ್ಯನು ಒಕ್ಕಲುತನವನ್ನು ಕಲಿಯುವ ಮೊದಲೇ ನಾಯಿಯು ಅವನು ಹೊತ್ತಿಸಿದ ಬೆಂಕಿಯ ಬಳಿ ಬಂದು ಮಲಗಿತ್ತು. ಇಷ್ಟು ಹಳೆಯ ಒಡನಾಟದ ಪ್ರಾಣಿಯನ್ನು ಕುರಿತು ಬರೆಯಲು ಕುಳಿತವರು ಅದರ ಸ್ವಾಮಿಭಕ್ತಿಯನ್ನು ಹೊಗಳಿ ಪುಟ ತುಂಬಿಸುವುದು ವಾಡಿಕೆ. ನಾವು ಈ ಸಲ ಆ ವಾಡಿಕೆಯನ್ನು ಬದಿಗಿಟ್ಟಿದ್ದೇವೆ. ನಾಯಿಯ ನಿಷ್ಠೆಯ ವಿಷಯದಲ್ಲಿ ಯಾರಿಗೂ ಸಂಶಯವಿಲ್ಲ. ಸಂಶಯಕ್ಕೆ ಎಡೆಯಿರುವುದು ಅದನ್ನು ಸಾಕಿದವರ ನಿಷ್ಠೆಯ ವಿಷಯದಲ್ಲಿ.

ನಮ್ಮ ಕೋಥರೂಡದಲ್ಲಿ ನಾಯಿಗಳಿಗೇನೂ ಬರವಿಲ್ಲ. ಒಂದು ಕಾಲಕ್ಕೆ ಪುಣೆಯ ಪಶ್ಚಿಮಕ್ಕಿದ್ದ ಹಳ್ಳಿಯಿದು. ಇಂದು ಕರ್ವೆ ರಸ್ತೆಯಿಂದ ಚಾಂದನಿ ಚೌಕದವರೆಗೆ ಮಹಡಿಮನೆಗಳು ಒಂದರ ಭುಜಕ್ಕೊಂದು ತಾಗಿ ನಿಂತಿವೆ. ಡಹಾಣೂಕರ ಕಾಲನಿಯ ಓಣಿಗಳಲ್ಲಿ, ಪೌಡ ರಸ್ತೆಯ ಅಂಗಡಿಗಳ ಕಟ್ಟೆಯ ಮೇಲೆ, ವನಾಜದ ಮೆಟ್ರೋ ನಿಲ್ದಾಣದ ನೆರಳಿನಲ್ಲಿ, ಟೇಕಡಿಗಳ ಬುಡದಲ್ಲಿ ಎಲ್ಲಿ ನೋಡಿದರೂ ನಾಯಿಗಳು. ಅವಸರದಲ್ಲಿ ಹಾದುಹೋಗುವವನಿಗೆ ಅವೆಲ್ಲವೂ ಬೀದಿನಾಯಿಗಳೇ. ಆದರೆ ಸ್ವಲ್ಪ ನಿಂತು ನೋಡಿದರೆ ಅವುಗಳಲ್ಲಿ ಎರಡು ಬಗೆಯುಂಟೆಂಬುದು ತಿಳಿಯುತ್ತದೆ.

ಮೊದಲನೆಯ ಬಗೆಯದು ಬೀದಿಯಲ್ಲಿಯೇ ಹುಟ್ಟಿ ಬೀದಿಯಲ್ಲಿಯೇ ಬೆಳೆದದ್ದು. ಅದಕ್ಕೆ ತನ್ನ ಓಣಿಯ ಮೇರೆ ಗೊತ್ತು. ಯಾವ ಹೋಟೆಲಿನ ಹಿಂಬಾಗಿಲು ಯಾವ ಹೊತ್ತಿಗೆ ತೆರೆಯುತ್ತದೆಂಬುದು ಗೊತ್ತು. ರಸ್ತೆಯನ್ನು ದಾಟುವಾಗ ಮೋಟಾರುಗಳ ನಡುವೆ ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಎಂಬುದೂ ಗೊತ್ತು. ಎಷ್ಟೋ ನಾಯಿಗಳ ಕಿವಿಯ ತುದಿಯಲ್ಲಿ ಒಂದು ಸಣ್ಣ ಕಚ್ಚು ಕಾಣುತ್ತದೆ. ಸಂತಾನಹರಣದ ಶಸ್ತ್ರಚಿಕಿತ್ಸೆಯಾಗಿದೆ, ಲಸಿಕೆ ಬಿದ್ದಿದೆ ಎಂಬುದರ ಗುರುತದು. ಎರಡನೆಯ ಬಗೆಯ ನಾಯಿ ಇದಕ್ಕೆ ತೀರ ಬೇರೆ. ಅದರ ಕೊರಳಿನಲ್ಲಿ ಪಟ್ಟಿ ಸವೆದು ಕೂದಲುದುರಿದ ಗುರುತಿರುತ್ತದೆ. ಅದು ಗುಂಪಿನಲ್ಲಿ ಸೇರುವುದಿಲ್ಲ. ಸೇರಲು ಹೋದರೆ ಆ ಓಣಿಯ ನಾಯಿಗಳು ಅದನ್ನು ಕಚ್ಚಿ ಅಟ್ಟುತ್ತವೆ. ಕಸದ ತೊಟ್ಟಿಯಲ್ಲಿ ಬಾಯಿ ಹಾಕಲು ಅದಕ್ಕೆ ಬರುವುದಿಲ್ಲ. ಸೊಸಾಯಿಟಿಯ ದೊಡ್ಡ ಬಾಗಿಲ ಮುಂದೆ ನಿಂತು, ಒಳಗೆ ಬರುವ ಪ್ರತಿಯೊಂದು ಕಾರಿನ ಹಿಂದೆ ನಾಲ್ಕು ಹೆಜ್ಜೆ ಓಡಿ, ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತದೆ. ಇದು ಬೀದಿನಾಯಿಯಲ್ಲ, ಬೀದಿಗೆ ಬಿದ್ದ ಸಾಕುನಾಯಿ. ಈ ಎರಡನೆಯ ನಾಯಿಯನ್ನು ಕುರಿತೇ ನಾವು ಈ ಲೇಖನವನ್ನು ಬರೆಯುತ್ತಿರುವುದು.

ನಾಯಿಯು ತಾನಾಗಿ ಮನೆ ಬಿಟ್ಟು ಹೋಗುವುದು ಅಪರೂಪ. ದೀಪಾವಳಿಯ ಪಟಾಕಿಗೆ ಬೆದರಿ ಓಡಿಹೋಗಿ ದಾರಿ ತಪ್ಪಿದವು ಉಂಟು. ಅವುಗಳನ್ನು ಹುಡುಕುವ ಯಜಮಾನನೂ ಉಂಟು. ಆದರೆ ಉಳಿದವನ್ನು ಯಾರೋ ಕಾರಿನಲ್ಲಿ ತಂದು, ಬಾಗಿಲು ತೆರೆದು, ಇಳಿಸಿ ಹೋಗಿರುತ್ತಾರೆ. ಅದಕ್ಕೆ ಅವರು ಹೇಳುವ ಕಾರಣಗಳನ್ನು ಕೇಳಿದರೆ ಒಂದಕ್ಕಿಂತ ಒಂದು ಸಾಧುವಾಗಿ ತೋರುತ್ತದೆ. ಬೇರೆ ಊರಿಗೆ ವರ್ಗವಾಯಿತು. ಹೊಸ ಮನೆಯ ಯಜಮಾನನು ಒಪ್ಪಲಿಲ್ಲ. ಮನೆಯಲ್ಲಿ ಕೂಸು ಹುಟ್ಟಿತು. ಅಜ್ಜನಿಗೆ ಕೂದಲಿನಿಂದ ಕೆಮ್ಮು. ನೆರೆಯವರ ದೂರು. ನಾಯಿಗೆ ವಯಸ್ಸಾಯಿತು, ಔಷಧದ ಖರ್ಚು ಹೆಚ್ಚಾಯಿತು. ಇವೆಲ್ಲ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಇವುಗಳಲ್ಲಿ ಬಹುಪಾಲು ನಾಯಿಯನ್ನು ತರುವ ದಿನವೇ ಊಹಿಸಬಹುದಾಗಿದ್ದ ಸಂಗತಿಗಳು. ವರ್ಗವಾಗುವ ನೌಕರಿಯೆಂಬುದು ಮೊದಲೇ ಗೊತ್ತಿತ್ತು. ನಾಯಿಗೆ ಮುಪ್ಪು ಬರುತ್ತದೆಂಬುದು ಯಾರಿಗೆ ತಾನೆ ಗೊತ್ತಿಲ್ಲ?

ಇನ್ನು ಕೆಲವು ನಾಯಿಗಳ ದುರ್ದೈವವು ಅವುಗಳ ಅಂದದಿಂದಲೇ ಹುಟ್ಟಿದ್ದು. 2003ರಲ್ಲಿ ಒಂದು ದೂರವಾಣಿ ಕಂಪನಿಯ ಜಾಹೀರಾತಿನಲ್ಲಿ ಹುಡುಗನೊಬ್ಬನ ಬೆನ್ನು ಬಿಡದೆ ನಡೆಯುವ ಪಗ್ ಜಾತಿಯ ನಾಯಿಯೊಂದು ಬಂದಿತು. ಅಂದಿನಿಂದ ಆ ಚಪ್ಪಟೆ ಮೂಗಿನ ನಾಯಿ ಊರೂರಲ್ಲಿ ಬೇಕಾಯಿತು. ಆ ಮೂಗಿನ ರಚನೆಯಿಂದಾಗಿ ಸೆಕೆಯಲ್ಲಿ ಅದಕ್ಕೆ ಉಸಿರಾಟ ಕಷ್ಟವೆಂಬುದನ್ನು ಜಾಹೀರಾತು ಹೇಳಲಿಲ್ಲ. ಹೇಳುವುದು ಅದರ ಕೆಲಸವೂ ಅಲ್ಲ. ಆಮೇಲೆ ಹಿಮದ ನಾಡಿನ ಹಸ್ಕಿ ಬಂದಿತು. ಆಲ್ಪ್ಸ್ ಪರ್ವತದ ಸೇಂಟ್ ಬರ್ನಾರ್ಡ್ ಬಂದಿತು. ಏಪ್ರಿಲ್ ತಿಂಗಳ ಪುಣೆಯಲ್ಲಿ ಬಿಸಿಲು 40 ಅಂಶವನ್ನು ಮುಟ್ಟುವಾಗ ಎರಡು ಪದರದ ರೋಮದ ಕಂಬಳಿ ಹೊದ್ದ ಪ್ರಾಣಿ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಏನು ಸುಖ ಕಂಡೀತು? ಅದು ದಿನವಿಡೀ ಕೂಗುತ್ತದೆ; ಸೋಫಾ ಹರಿಯುತ್ತದೆ; ಮರುವರ್ಷ ಅದಕ್ಕೆ ಟೇಕಡಿಯ ಬುಡವೇ ಗತಿಯಾಗುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು 2017ರ ನಿಯಮಗಳು ಹೇಳಿವೆ. ಮಾರುವವನು ಈ ನಿಯಮವನ್ನು ಓದಿದ್ದಾನೆಯೇ ಎಂದು ಕೊಳ್ಳುವವನು ಕೇಳಿದ್ದನ್ನು ನಾವು ಕಂಡಿಲ್ಲ.

ವಿದ್ಯಾರ್ಥಿಮಿತ್ರರೇ, ಇಲ್ಲಿ ಒಂದು ಕಹಿ ಮಾತನ್ನು ಹೇಳದೆ ವಿಧಿಯಿಲ್ಲ. ಮನೆಗೆ ನಾಯಿಮರಿ ಬರುವುದು ಎಷ್ಟೋ ಸಲ ತಂದೆತಾಯಿಗಳ ಇಚ್ಛೆಯಿಂದಲ್ಲ, ಮಕ್ಕಳ ಹಟದಿಂದ. ಹುಟ್ಟುಹಬ್ಬದ ಉಡುಗೊರೆಯಾಗಿ ಸೈಕಲ್ಲು ಬರುವಂತೆ, ಗಡಿಯಾರ ಬರುವಂತೆ ಮರಿಯೂ ಬರುತ್ತದೆ. ಸೈಕಲ್ಲನ್ನು ಮೂಲೆಗೊರಗಿಸಿದರೆ ಅದು ತುಕ್ಕು ಹಿಡಿಯುತ್ತದೆ, ಅಷ್ಟೆ. ಮರಿಯಾದರೋ ಆರು ತಿಂಗಳಲ್ಲಿ ನಾಯಿಯಾಗುತ್ತದೆ. ಆದುದರಿಂದ ಈ ವಿಷಯವು ದೊಡ್ಡವರಿಗೆ ಮಾತ್ರ ಸಂಬಂಧಪಟ್ಟದ್ದೆಂದು ಯಾರೂ ತಿಳಿಯಬಾರದು. ಈ ಕಾರಣದಿಂದಲೇ ಇದನ್ನು ನಾವು ವಾರ್ಷಿಕ ಸಂಚಿಕೆಗೆ ತಂದಿರುವುದು.

ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗಳಿಗೆ ಗುರಿಯಾಗುವಂತೆ ಸಕಾರಣವಿಲ್ಲದೆ ತೊರೆಯುವುದು ನಮ್ಮ ದೇಶದಲ್ಲಿ ಅಪರಾಧ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯದೆಯ 11ನೆಯ ಕಲಮು ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಈ ಕಾಯದೆಗೆ ಮೂಲಪ್ರೇರಣೆಯನ್ನು ಕೊಟ್ಟವರು ಭರತನಾಟ್ಯಕ್ಕೆ ಮತ್ತೆ ಮಾನ ತಂದುಕೊಟ್ಟ ರುಕ್ಮಿಣೀದೇವಿ ಅರುಂಡೇಲ್ ಅವರು. ರಾಜ್ಯಸಭೆಯ ಸದಸ್ಯರಾಗಿದ್ದಾಗ ಅವರು ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಅದರ ಫಲವಾಗಿಯೇ ಸರಕಾರವು ಮುಂದೆ ಈ ಕಾಯದೆಯನ್ನು ತಂದಿತು. 1962ರಲ್ಲಿ ಪ್ರಾಣಿಕಲ್ಯಾಣ ಮಂಡಲಿಯು ಸ್ಥಾಪಿತವಾದಾಗ ಅವರೇ ಅದರ ಮೊದಲ ಅಧ್ಯಕ್ಷರಾದರು. ಕಾಯದೆಯ ಉದ್ದೇಶವೇನೋ ಉದಾತ್ತವಾದದ್ದು. ಆದರೆ ಅಂದು ಗೊತ್ತುಪಡಿಸಿದ ದಂಡವನ್ನು ನೋಡಿರಿ: ಮೊದಲ ಅಪರಾಧಕ್ಕೆ 10 ರೂಪಾಯಿಗೆ ಕಡಮೆಯಿಲ್ಲದಂತೆ 50 ರೂಪಾಯಿಯವರೆಗೆ. 1960ರಲ್ಲಿ ಐವತ್ತು ರೂಪಾಯಿಗೆ ಬೆಲೆಯಿತ್ತು. 2022ರಲ್ಲಿ ತಿದ್ದುಪಡಿಯ ಕರಡು ಪ್ರಕಟವಾದಾಗಲೂ ಪುಸ್ತಕದಲ್ಲಿದ್ದ ಅಂಕೆ ಅದೇ. ಆ ಹೊತ್ತಿಗೆ ಪುಣೆಯಲ್ಲಿ ನಾಲ್ಕು ಮಂದಿ ಗೆಳೆಯರು ಕೂಡಿ ವಡಾಪಾವು ತಿಂದು ಚಹಾ ಕುಡಿದರೆ ಅದಕ್ಕಿಂತ ಹೆಚ್ಚು ಹಣ ತೆರಬೇಕಾಗಿತ್ತು. ಇಂಥ ದಂಡಕ್ಕೆ ಯಾರು ಅಂಜುತ್ತಾರೆ?

ಕಾಯದೆಯ ಕೈ ತಲುಪದ ಕಡೆ ಜನರ ಕೈ ತಲುಪಿದೆ ಎಂಬುದೇ ಸಮಾಧಾನದ ಸಂಗತಿ. ಚಾಂದನಿ ಚೌಕದ ಆಚೆ ನಮ್ಮ ನೆರೆಯ ಬಾವಧನದಲ್ಲಿ ರೆಸ್ಕ್ಯೂ ಚಾರಿಟೇಬಲ್ ಟ್ರಸ್ಟ್ ಎಂಬ ಸಂಸ್ಥೆಯಿದೆ. ನೇಹಾ ಪಂಚಮಿಯಾ ಅವರು 2007ರಲ್ಲಿ ಅದನ್ನು ಆರಂಭಿಸಿದರು. ರಸ್ತೆಯಲ್ಲಿ ಗಾಯಗೊಂಡ, ರೋಗ ತಗುಲಿದ ನಿರ್ಗತಿಕ ಪ್ರಾಣಿಗಳಿಗೆ ಚಿಕಿತ್ಸೆ ಮಾಡುವುದು ಅದರ ಮುಖ್ಯ ಕಾರ್ಯ. ಅರಣ್ಯ ಇಲಾಖೆಯೊಡನೆ ಸೇರಿ ವನ್ಯಪ್ರಾಣಿಗಳ ಶುಶ್ರೂಷೆಯನ್ನೂ ಅದು ಕೈಗೊಂಡಿದೆ. ನಗರದ ಪೂರ್ವದಿಕ್ಕಿನ ಮುಂಢವಾದಲ್ಲಿ ಬ್ಲೂ ಕ್ರಾಸ್ ಸೊಸಾಯಿಟಿಯ ಆಶ್ರಯಧಾಮವಿದೆ. ಇವಲ್ಲದೆ ತಮ್ಮ ಮನೆಯನ್ನೇ ಆಶ್ರಯವಾಗಿ ಮಾಡಿಕೊಂಡು, ಹೆಸರನ್ನು ಬಯಸದೆ ದುಡಿಯುವ ಗೃಹಿಣಿಯರೂ ನಿವೃತ್ತರೂ ಓಣಿಗೊಬ್ಬರಿದ್ದಾರೆ.

ಇಂಥ ಕಾರ್ಯವು ನಮ್ಮ ಪ್ರಾಂತಕ್ಕೆ ಹೊಸದಲ್ಲ. 1832ರಲ್ಲಿ ಮುಂಬಯಿಯ ಪೊಲೀಸರು ಬೀದಿನಾಯಿಗಳನ್ನು ಕೊಲ್ಲತೊಡಗಿದಾಗ ಪಾರಸಿಗಳು ದಂಗೆಯೆದ್ದು ಪೇಟೆಯನ್ನು ಮುಚ್ಚಿಸಿದರು. ಬೇರೆ ಮತದವರೂ ಅವರೊಡನೆ ಸೇರಿದರು. 1874ರಲ್ಲಿ ಅಲ್ಲಿ ಪ್ರಾಣಿಹಿಂಸಾ ನಿವಾರಣಾ ಸಂಘವೂ, 1883ರಲ್ಲಿ ಪರೇಲದಲ್ಲಿ ಬಾಯಿ ಸಾಕರಬಾಯಿ ಅವರ ಹೆಸರಿನ ಪ್ರಾಣಿ ಆಸ್ಪತ್ರೆಯೂ ಸ್ಥಾಪಿತವಾದವು. ಮದರಾಸಿನಲ್ಲಿ ಕ್ಯಾಪ್ಟನ್ ವಿ. ಸುಂದರಮ್ ಅವರು 1959ರಲ್ಲಿ ಬ್ಲೂ ಕ್ರಾಸ್ ಸಂಸ್ಥೆಯನ್ನು ಕಟ್ಟಿದರು. ನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಮಾಡಿ ಮರಳಿ ಬಿಡುವ ಕ್ರಮವನ್ನು 1964ರಲ್ಲಿ ಮೊದಲುಮಾಡಿದವರು ಅವರೇ. ಬಹುಕಾಲ ಕಳೆದು, 2001ರಲ್ಲಿ, ಆ ಕ್ರಮವು ದೇಶದ ನಿಯಮವಾಯಿತು. 2023ರಲ್ಲಿ ಹೊಸ ನಿಯಮಗಳು ಬಂದವು. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ 1991ರಲ್ಲಿ ಕ್ಯೂಪಾ ಸಂಸ್ಥೆಗೆ ಬೀಜ ಬಿತ್ತಿದರು. ಆಗ ಅವರಿಗೆ ಎಂಬತ್ತು ದಾಟಿತ್ತು. ದಿಲ್ಲಿಯಲ್ಲಿ ಒಂದು, ಜೈಪುರದಲ್ಲಿ ಒಂದು ಆಶ್ರಯವನ್ನು ಅದಾಗಲೇ ಕಟ್ಟಿ ಬಂದಿದ್ದರು.

ತೊರೆದ ನಾಯಿಯೊಂದು ಇಂಥ ಸಂಸ್ಥೆಯ ಕೈಸೇರಿದ ಮೇಲೆ ಏನಾಗುತ್ತದೆಂಬುದನ್ನು ನಮ್ಮ ಓದುಗರು ತಿಳಿದಿರುವುದು ಒಳ್ಳೆಯದು. ಮೊದಲು ಅದನ್ನು ಬೇರೆ ನಾಯಿಗಳಿಂದ ದೂರವಿರಿಸಿ ಪಶುವೈದ್ಯರು ಪರೀಕ್ಷಿಸುತ್ತಾರೆ. ಚರ್ಮದ ಕೆಳಗೆ ಗುರುತಿನ ಚಿಪ್ಪು ಇದೆಯೋ ಎಂದು ಯಂತ್ರ ಹಿಡಿದು ನೋಡುತ್ತಾರೆ. ಇದ್ದರೆ ಯಜಮಾನನ ವಿಳಾಸ ಸಿಕ್ಕಬಹುದು. ಉಣ್ಣೆ ಹಿಡಿದಿದ್ದರೆ ಬಿಡಿಸುತ್ತಾರೆ. ಜಂತುವಿಗೆ ಔಷಧ, ರೇಬೀಸ್ ಮೊದಲಾದ ರೋಗಗಳಿಗೆ ಲಸಿಕೆ, ಆಮೇಲೆ ಸಂತಾನಹರಣ. ಇದಿಷ್ಟು ದೇಹದ ಮಾತು. ಮನಸ್ಸಿನ ಮಾತು ಇದಕ್ಕಿಂತ ಕಷ್ಟವಾದದ್ದು. ಮನೆಯ ಮೂಲೆಯಲ್ಲಿ ಮೆತ್ತೆಯ ಮೇಲೆ ಮಲಗಿದ ನಾಯಿಯನ್ನು ಐವತ್ತು ನಾಯಿಗಳ ಬೊಗಳಿನ ನಡುವೆ ಬಿಟ್ಟರೆ ಅದು ಕಂಗೆಡುತ್ತದೆ. ಎಷ್ಟೋ ನಾಯಿಗಳು ಮೊದಲ ಕೆಲವು ದಿನ ಅನ್ನವನ್ನೇ ಮುಟ್ಟುವುದಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುತ್ತವೆ. ಒಬ್ಬ ಸೇವಕನು ದಿನಾಲು ಒಂದೇ ಹೊತ್ತಿಗೆ ಬಂದು, ಮುಟ್ಟದೆ, ಮಾತನಾಡಿಸದೆ, ಸುಮ್ಮನೆ ಪಕ್ಕದಲ್ಲಿ ಕುಳಿತು ಹೋಗುತ್ತಾನೆ. ನಾಲ್ಕಾರು ದಿನಗಳಾದ ಬಳಿಕ ನಾಯಿ ತಾನಾಗಿ ತಿರುಗಿ ನೋಡುತ್ತದೆ. ಆ ಮೇಲೆಯೇ ಅದರ ಸ್ವಭಾವವನ್ನು ತಿಳಿಯುವ ಕೆಲಸ: ಮಕ್ಕಳನ್ನು ಕಂಡರೆ ಹೇಗೆ, ಬೆಕ್ಕನ್ನು ಕಂಡರೆ ಹೇಗೆ, ಊಟದ ತಟ್ಟೆಯ ಹತ್ತಿರ ಹೋದರೆ ಗುರುಗುಟ್ಟುತ್ತದೆಯೇ, ಒಂಟಿಯಾಗಿ ಇರಬಲ್ಲದೇ?

ಇದಾದ ಮೇಲೆ ಮನೆ ಹುಡುಕುವುದು. ನಾಯಿ ಬೇಕೆಂದು ಬಂದವರನ್ನು ಪ್ರಶ್ನೆ ಕೇಳುತ್ತಾರೆ, ಮನೆಗೆ ಬಂದು ನೋಡುವುದೂ ಉಂಟು, ಬರೆಸಿಕೊಳ್ಳುವುದೂ ಉಂಟು. ಕೆಲವರಿಗೆ ಇದು ಅವಮಾನವೆನಿಸುತ್ತದೆ. ಬಿಟ್ಟಿ ಸಿಗುವ ನಾಯಿಗೆ ಇಷ್ಟು ಉಪಚಾರವೇ, ನಾವೇನು ಕನ್ಯೆ ಕೇಳಲು ಬಂದವರೇ ಎಂದು ಸಿಡುಕುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಪ್ರಶ್ನೆ ಕೇಳದೆ ನಾಯಿಯನ್ನು ಕೊಡುವ ಸಂಸ್ಥೆಗಿಂತ ಕೇಳಿ ಕೊಡುವ ಸಂಸ್ಥೆಯೇ ಮೇಲು. ಒಮ್ಮೆ ಹೊರಗೆ ಬಿದ್ದ ನಾಯಿ ಎರಡನೆಯ ಸಲ ಹೊರಗೆ ಬಿದ್ದರೆ ಮೂರನೆಯ ಮನೆಯನ್ನು ಅದು ನಂಬುವುದು ಬಹಳ ಕಷ್ಟ.

ಆದರೆ ಈ ಸಂಸ್ಥೆಗಳಿರುವುದರಿಂದಲೇ ಹೊಸದೊಂದು ಕೆಟ್ಟ ಚಾಳಿಯೂ ಹುಟ್ಟಿಕೊಂಡಿದೆ. ಸಾಕಲಾರದ ನಾಯಿಯನ್ನು ಬೀದಿಯಲ್ಲಿ ಬಿಡುವುದು ಪಾಪ, ಆಶ್ರಯಧಾಮದ ಬಾಗಿಲಿಗೆ ಕಟ್ಟಿ ಹೋಗುವುದು ಪುಣ್ಯ ಎಂದು ಕೆಲವರು ತಿಳಿದಿದ್ದಾರೆ. ಆಶ್ರಯಧಾಮದಲ್ಲಿ ಜಾಗಕ್ಕೆ ಮಿತಿಯಿದೆ. ಅಲ್ಲಿಯ ಒಂದು ಪಂಜರದಲ್ಲಿ ಆರೋಗ್ಯವಾದ ಸಾಕುನಾಯಿಯನ್ನು ಇರಿಸಿದರೆ, ಕಾರಿಗೆ ಸಿಕ್ಕಿ ಸೊಂಟ ಮುರಿದುಕೊಂಡ ನಾಯಿಗೆ ಆ ರಾತ್ರಿ ಜಾಗವಿಲ್ಲ. ಧರ್ಮಸಂಸ್ಥೆಯು ಬಿದ್ದವರನ್ನು ಎತ್ತುವುದಕ್ಕಾಗಿ ಇದೆಯೇ ಹೊರತು ನಮ್ಮ ಹೊರೆಯನ್ನು ಇಳಿಸುವುದಕ್ಕಾಗಿ ಅಲ್ಲ. ನಿಜವಾಗಿಯೂ ಸಾಕಲಾರದ ಪರಿಸ್ಥಿತಿ ಬಂದವರು ನಾಯಿಯನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಂಡು, ಸಂಸ್ಥೆಯ ನೆರವಿನಿಂದ ಹೊಸ ಮನೆಯನ್ನು ಹುಡುಕಬೇಕು. ಒಂದು ತಿಂಗಳು ಹಿಡಿಯಬಹುದು, ಎರಡು ತಿಂಗಳು ಹಿಡಿಯಬಹುದು. ಆ ಕಾಯುವಿಕೆಯು ನಾಯಿಗೆ ಅವರು ತೀರಿಸಬೇಕಾದ ಋಣ.

ಇಷ್ಟು ಓದಿದ ಮೇಲೆ ಯಾರಾದರೂ ಒಬ್ಬರು ಕೇಳದೆ ಇರಲಾರರು: ಮನುಷ್ಯರೇ ಉಪವಾಸವಿರುವ ದೇಶದಲ್ಲಿ ನಾಯಿಯ ಚಿಂತೆ ಯಾತಕ್ಕೆ? ಈ ಪ್ರಶ್ನೆಯನ್ನು ಕೇಳುವವರು ಮನುಷ್ಯರಿಗಾಗಿ ಏನು ಮಾಡಿದ್ದಾರೆಂದು ತಿರುಗಿ ಕೇಳುವುದು ಸುಲಭ. ನಾವು ಹಾಗೆ ಕೇಳುವುದಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕಿಂತಲೂ ತೂಕದ ಆಕ್ಷೇಪಣೆ ಇನ್ನೊಂದಿದೆ, ಅದು ರೇಬೀಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆ. ಅವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಭಾರತೀಯರು. ರೋಗದ ಶಂಕೆಯುಳ್ಳ ಪ್ರಾಣಿಯಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ನಲವತ್ತು ಮಂದಿ ಹದಿನೈದು ವರ್ಷ ತುಂಬದ ಮಕ್ಕಳು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ವಿರಳ. ಆದುದರಿಂದ ಶಾಲೆಯ ದಾರಿಯಲ್ಲಿ ನಾಯಿಗಂಜಿ ನಡೆಯುವ ಎರಡನೆಯ ಇಯತ್ತೆಯ ಮಗುವಿನ ಅಂಜಿಕೆಯನ್ನು ಹಾಸ್ಯಮಾಡುವವರು ಪ್ರಾಣಿದಯೆಗೆ ಉಪಕಾರ ಮಾಡಿದಂತಾಗುವುದಿಲ್ಲ. ಕಚ್ಚಿದ ಕೂಡಲೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿ ಒಂದನ್ನೂ ಹಚ್ಚಬಾರದು. ಅದೇ ದಿನ ದವಾಖಾನೆಗೆ ಹೋಗಿ ಲಸಿಕೆಯನ್ನು ಆರಂಭಿಸಿ, ಗೊತ್ತುಮಾಡಿದ ಎಲ್ಲ ದಿನಗಳಲ್ಲಿಯೂ ಚುಚ್ಚಿಸಿಕೊಳ್ಳಬೇಕು. ಮನೆಯಲ್ಲಿ ಬೈಯುತ್ತಾರೆಂದು ಕಚ್ಚಿದ್ದನ್ನು ಮುಚ್ಚಿಡುವ ಹುಡುಗರಿದ್ದಾರೆ. ಹಾಗೆ ಎಂದೂ ಮಾಡಕೂಡದು.

ಈ ಆಕ್ಷೇಪಣೆಯೇ ನಮ್ಮ ಮಾತಿಗೆ ಬಲ ಕೊಡುತ್ತದೆ. ತೊರೆದ ಸಾಕುನಾಯಿಗೆ ಸಂತಾನಹರಣ ಆಗಿರದಿದ್ದರೆ, ವರ್ಷ ತಿರುಗುವುದರೊಳಗೆ ಆ ಓಣಿಯಲ್ಲಿ ಐದಾರು ಮರಿಗಳು ಹೆಚ್ಚುತ್ತವೆ. ಅದರ ವಾರ್ಷಿಕ ಲಸಿಕೆಯೂ ಅಲ್ಲಿಗೆ ನಿಲ್ಲುತ್ತದೆ. ಹೆದರಿದ, ಹಸಿದ, ಬೀದಿಯ ರೀತಿನೀತಿ ತಿಳಿಯದ ನಾಯಿಯೇ ಕಚ್ಚುವ ನಾಯಿಯಾಗುವ ಸಂಭವ ಹೆಚ್ಚು. ಪಾಲಿಕೆಯು ಒಂದು ಕಡೆ ಖರ್ಚು ಮಾಡಿ ನಾಯಿಗಳ ಸಂಖ್ಯೆಯನ್ನು ತಡೆಯುತ್ತಿದ್ದರೆ, ಇನ್ನೊಂದು ಕಡೆ ಕಾರಿನ ಬಾಗಿಲು ತೆರೆದು ಇಳಿಸಿಹೋದವನು ಆ ಶ್ರಮಕ್ಕೆಲ್ಲ ನೀರು ಬಿಡುತ್ತಾನೆ.

2025ರಲ್ಲಿ ಈ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಆಗಸ್ಟ್ 11ರಂದು ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿ ಇರಿಸಬೇಕೆಂಬ ಅಪ್ಪಣೆಯಾಯಿತು. ಆಗಸ್ಟ್ 22ರಂದು ಬೇರೆ ಪೀಠವು ಅದನ್ನು ಮಾರ್ಪಡಿಸಿ, ರೇಬೀಸ್ ತಗುಲಿದ ಮತ್ತು ಆಕ್ರಮಣ ಸ್ವಭಾವದ ನಾಯಿಗಳನ್ನುಳಿದು ಮಿಕ್ಕವನ್ನು ಸಂತಾನಹರಣ ಹಾಗೂ ಲಸಿಕೆಯ ಬಳಿಕ ಅದೇ ಜಾಗಕ್ಕೆ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ಸು ಮತ್ತು ರೈಲು ನಿಲ್ದಾಣಗಳ ಆವರಣದಲ್ಲಿ ಸೇರಿಕೊಂಡ ನಾಯಿಗಳನ್ನು ತೆಗೆದು ಆಶ್ರಯಕ್ಕೆ ಸಾಗಿಸಬೇಕು, ಅವನ್ನು ಮರಳಿ ಅಲ್ಲಿಯೇ ಬಿಡಬಾರದು ಎಂಬ ಆದೇಶ ಬಂದಿತು. ಪತ್ರಿಕೆಗಳಲ್ಲಿ ನಾಯಿಯ ಪಕ್ಷ, ಮನುಷ್ಯನ ಪಕ್ಷ ಎಂದು ಎರಡು ದಳಗಳಾಗಿ ವಾಗ್ವಾದ ನಡೆಯಿತು. ಆ ಗದ್ದಲದಲ್ಲಿ ಆಗಸ್ಟ್ 22ರ ಆದೇಶದ ಒಂದು ಭಾಗವು ಬಹಳ ಮಂದಿಯ ಕಣ್ಣಿಗೆ ಬೀಳಲಿಲ್ಲ. ಬೀದಿನಾಯಿಯನ್ನು ದತ್ತು ಪಡೆಯಲು ಬಯಸುವವರು ಪಾಲಿಕೆಗೆ ಅರ್ಜಿ ಮಾಡಬಹುದು, ಆದರೆ ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅವರ ಹೊಣೆ ಎಂದು ಅದರಲ್ಲಿತ್ತು. ದಯೆ ತೋರಿಸುವವನ ಮೇಲೆ ಹೊಣೆಯನ್ನೂ ಹೊರಿಸಿದ ಈ ಮಾತು ನಮಗೆ ಅತ್ಯಂತ ಸಮಂಜಸವಾಗಿ ಕಂಡಿದೆ.

ನಾಯಿಯ ವಿಷಯದಲ್ಲಿ ಹೊಣೆಯೆಂಬುದು ಪರದೇಶದಿಂದ ಬಂದ ನವೀನ ಕಲ್ಪನೆಯೆಂದು ಯಾರಾದರೂ ಹೇಳಿದರೆ, ಕನ್ನಡ ಮಕ್ಕಳು ಅವರಿಗೆ ಆತಕೂರಿನ ಕಲ್ಲನ್ನು ತೋರಿಸಬೇಕು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಈ ಶಿಲಾಶಾಸನವು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ. ಶ. 949–50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಕಾದಿದಾಗ ಗಂಗರ ಬೂತುಗನು ಅವನ ಪಕ್ಷದಲ್ಲಿದ್ದನು. ಆ ಕಾಳಗದಲ್ಲಿ ಬೂತುಗನ ಕಡೆಯ ಮಣಲೇರನೆಂಬ ವೀರನು ಅಪೂರ್ವ ಪರಾಕ್ರಮವನ್ನು ತೋರಿದನು. ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡು ಎಂದನು. ಮಣಲೇರನು ಊರನ್ನು ಬೇಡಲಿಲ್ಲ, ಆನೆಯನ್ನು ಬೇಡಲಿಲ್ಲ. ಬೂತುಗನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಮುಂದೆ ಬೇಟೆಯಲ್ಲಿ ಆ ಕಾಳಿಯನ್ನು ಒಂದು ಹೆಗ್ಗಾಡುಹಂದಿಯ ಮೇಲೆ ಬಿಡಲು, ಎರಡೂ ಹೋರಾಡಿ ಎರಡೂ ಸತ್ತವು. ಮಣಲೇರನು ಆತಕೂರಿನ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನೆಡಿಸಿದನು. ನಾಯಿಯೂ ಹಂದಿಯೂ ಹೊಡೆದಾಡುವ ಚಿತ್ರ ಆ ಕಲ್ಲಿನ ಮೇಲಿದೆ. ಕಲ್ಲಿನ ಪೂಜೆಗೆಂದು ಭೂಮಿಯನ್ನು ಬಿಟ್ಟು, ಆ ಸ್ಥಾನವನ್ನು ಆಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪವನ್ನು ಹೊತ್ತವನಾಗುತ್ತಾನೆಂದು ಕಟ್ಟು ಮಾಡಿದನು. ಸತ್ತ ನಾಯಿಗೆ ಸಲ್ಲಬೇಕಾದುದನ್ನು ಸಲ್ಲಿಸದೆ ಉಣ್ಣಬಾರದು ಎಂದು ಸಾವಿರ ವರ್ಷಕ್ಕೂ ಹಿಂದೆ ಕನ್ನಡದಲ್ಲಿ ಕಲ್ಲಿನ ಮೇಲೆ ಬರೆಯಿಸಿದವರ ಮಕ್ಕಳು ನಾವು; ಬದುಕಿರುವ ನಾಯಿಯ ಮಾತನ್ನು ಬೇರೆ ಹೇಳಬೇಕೇ?

ಆ ಗೊರವರ ಹೆಸರನ್ನು ಹೊತ್ತವರು ಇಂದಿಗೂ ನಮ್ಮಲ್ಲಿದ್ದಾರೆ. ಹೂವಿನಹಡಗಲಿಯ ಬಳಿಯ ಮೈಲಾರದ ಜಾತ್ರೆಯನ್ನು ಕಂಡವರಿಗೆ ಗೊರವಯ್ಯಗಳ ದೋಣಿಸೇವೆ ಗೊತ್ತಿರಬಹುದು. ದೇವರ ನಾಯಿಗಳೆಂದು ತಮ್ಮನ್ನು ಕರೆದುಕೊಂಡು ಅವರು ನಾಯಿಯಂತೆ ಬೊಗಳಿ ಪ್ರಸಾದವನ್ನು ಉಣ್ಣುತ್ತಾರೆ. ಅದೇ ಮೈಲಾರಲಿಂಗನು ಮಹಾರಾಷ್ಟ್ರದಲ್ಲಿ ಖಂಡೋಬಾ. ಪುಣೆಗೆ ಸಮೀಪದ ಜೆಜುರಿಯಲ್ಲಿ ಅವನ ಭಕ್ತರಾದ ವಾಘ್ಯರೂ ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸುತ್ತಾರೆ. ಮಹಾಭಾರತವನ್ನು ತೆಗೆದುಕೊಂಡರೂ ಆದಿಪರ್ವದಲ್ಲಿ ಜನಮೇಜಯನ ತಮ್ಮಂದಿರು ತಪ್ಪಿಲ್ಲದ ನಾಯಿಮರಿಯನ್ನು ಹೊಡೆದು ಅದರ ತಾಯಿ ಸರಮೆಯ ಶಾಪಕ್ಕೆ ಪಾತ್ರರಾಗುತ್ತಾರೆ. ಕೊನೆಯಲ್ಲಿ ಧರ್ಮರಾಜನು ಬೆನ್ನುಹತ್ತಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆನ್ನುತ್ತಾನೆ. ಇಷ್ಟಿದ್ದೂ ನಮ್ಮ ಮಾತಿನಲ್ಲಿ ನಾಯಿಪಾಡು ಎಂದರೆ ಹೀನ ಬಾಳು. ಆ ಪಾಡನ್ನು ನಾಯಿಗೆ ತಂದವರು ಯಾರೆಂಬುದನ್ನು ಮಾತ್ರ ಭಾಷೆ ಹೇಳುವುದಿಲ್ಲ!

ಇರಲಿ. ಈಗ ನಾಯಿಯನ್ನು ಮನೆಗೆ ತರುವ ಮಾತಿಗೆ ಬರೋಣ. ನಾಯಿಯ ಆಯುಸ್ಸು ಸಾಧಾರಣವಾಗಿ ಹತ್ತರಿಂದ ಹದಿಮೂರು ವರ್ಷ. ಐದನೆಯ ಇಯತ್ತೆಯಲ್ಲಿರುವ ಬಾಲಕನು ಇಂದು ಒಂದು ಮರಿಯನ್ನು ತಂದರೆ, ಅದು ಮುಪ್ಪಾಗುವ ಹೊತ್ತಿಗೆ ಅವನು ಕಾಲೇಜು ಮುಗಿಸಿ ಬೇರೆ ಊರಿನಲ್ಲಿ ನೌಕರಿಯಲ್ಲಿರುತ್ತಾನೆ. ಹಾಗಾದರೆ ಆ ನಾಯಿ ಯಾರದು? ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಬೆಳಗಿನ ಆರು ಗಂಟೆಗೆ ಅದನ್ನು ಹೊರಗೆ ಕರೆದೊಯ್ಯುವವರು ಯಾರು? ಹತ್ತನೆಯ ಇಯತ್ತೆಯ ಪರೀಕ್ಷೆಯ ವರ್ಷದಲ್ಲಿ ಯಾರು? ಈ ಪ್ರಶ್ನೆಗಳನ್ನು ಮನೆಯ ಎಲ್ಲರೂ ಕೂಡಿ ಕುಳಿತು, ಒಂದು ಕಾಗದದ ಮೇಲೆ ಹೆಸರುಗಳನ್ನು ಬರೆದು ಬಗೆಹರಿಸಬೇಕು. ಎಲ್ಲ ಹೆಸರುಗಳ ಮುಂದೆಯೂ ತಾಯಿಯ ಹೆಸರೇ ಬರುವುದಾದರೆ ನಾಯಿಯನ್ನು ತರುವ ವಿಚಾರವನ್ನು ಅಲ್ಲಿಗೇ ಬಿಡುವುದು ಲೇಸು.

ಪುಣೆಯ ಕನ್ನಡಿಗರಿಗೆ ಇನ್ನೂ ಒಂದು ವಿಶೇಷ ತೊಡಕಿದೆ. ಮೇ ತಿಂಗಳು ಬಂದಿತೆಂದರೆ ನಾವೆಲ್ಲ ವಿಜಾಪುರ, ಬೆಳಗಾವಿ, ಧಾರವಾಡ, ಕಲಬುರ್ಗಿಗಳ ಗಾಡಿ ಹತ್ತುವವರು. ಅಜ್ಜಿಯ ಮನೆಯಲ್ಲಿ ನಾಯಿಗೆ ಪ್ರವೇಶವುಂಟೋ ಇಲ್ಲವೋ ಎಂಬುದು ಆಮೇಲಿನ ಮಾತು. ಮೊದಲು ಅದು ಅಲ್ಲಿಗೆ ಮುಟ್ಟಬೇಕಲ್ಲ! ರೈಲಿನಲ್ಲಿ ನಾಯಿಯನ್ನು ಮೊದಲ ದರ್ಜೆಯ ಪೂರ್ತಿ ಕೋಣೆಯನ್ನು ಕಾದಿರಿಸಿ ಒಯ್ಯಬೇಕು, ಇಲ್ಲವೇ ಗಾರ್ಡನ ಡಬ್ಬಿಯ ಪೆಟ್ಟಿಗೆಯಲ್ಲಿ ಕಳಿಸಬೇಕು. ನಾವು ಕೂಡುವ ಸಾಧಾರಣ ಡಬ್ಬಿಯಲ್ಲಿ ಅದಕ್ಕೆ ಜಾಗವಿಲ್ಲ. ಸೂಟಿಯಲ್ಲಿ ನಾಯಿಯನ್ನು ನೋಡಿಕೊಳ್ಳುವ ಇನ್ನೊಂದು ಮನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳದವರು ನಾಯಿಯನ್ನು ತರಬಾರದೆಂದು ನಾವು ಕಟುವಾಗಿಯೇ ಹೇಳುತ್ತೇವೆ. ಎರಡು ಕನ್ನಡ ಮನೆಗಳು ಪರಸ್ಪರ ಒಪ್ಪಿಕೊಂಡರೆ ಇದೇನೂ ದೊಡ್ಡ ಮಾತಲ್ಲ: ನೀವು ಊರಿಗೆ ಹೋದಾಗ ನಿಮ್ಮ ನಾಯಿ ನಮ್ಮಲ್ಲಿ, ನಾವು ಹೋದಾಗ ನಮ್ಮದು ನಿಮ್ಮಲ್ಲಿ.

ಇವೆಲ್ಲವನ್ನೂ ತೂಗಿನೋಡಿದ ಮೇಲೆಯೂ ನಾಯಿ ಬೇಕೆನಿಸಿದರೆ ಬಹಳ ಸಂತೋಷ. ಆಗ ಅಂಗಡಿಯ ಕಡೆ ಹೋಗದೆ ಆಶ್ರಯಧಾಮದ ಕಡೆ ನಡೆಯಿರಿ. ಮರಿಯೇ ಬೇಕೆಂಬ ಹಟವೂ ಬೇಡ. ಮರಿ ಬೆಳೆದು ಎಂಥ ನಾಯಿಯಾದೀತೆಂದು ಯಾರೂ ಹೇಳಲಾರರು. ಬೆಳೆದ ನಾಯಿಯ ಗಾತ್ರವೂ ಗುಣವೂ ಕಣ್ಣೆದುರಿಗೇ ಇರುತ್ತವೆ. ಮನೆಯೊಳಗಿನ ಶಿಸ್ತನ್ನು ಅದು ಹಿಂದಿನ ಮನೆಯಲ್ಲಿಯೇ ಕಲಿತಿರುತ್ತದೆ. ನಮ್ಮ ನಾಡಿನ ಕಂದು ಬಣ್ಣದ ಸಾಧಾರಣ ನಾಯಿಯನ್ನು ಕಂಡು ಮೂಗು ಮುರಿಯುವವರಿಗೆ ನಾವು ಹೇಳುವುದಿಷ್ಟೇ: ಈ ಬಿಸಿಲು, ಈ ಮಳೆ, ಈ ನೀರು ಅದಕ್ಕೆ ಒಗ್ಗಿದಷ್ಟು ಬೇರೆ ಯಾವ ಜಾತಿಗೂ ಒಗ್ಗಿಲ್ಲ. ಜಾತಿಯ ಅಭಿಮಾನವೇ ಇದ್ದವರು ನಮ್ಮ ಮುಧೋಳದ ನಾಯಿಯ ಚಿತ್ರವು 2005ರಲ್ಲಿ ಅಂಚೆಚೀಟಿಯ ಮೇಲೆ ಬಂದುದನ್ನು ನೆನೆದು ಸಮಾಧಾನಪಡಬಹುದು. ಆದರೆ ಓಡುವುದಕ್ಕೆಂದೇ ಹುಟ್ಟಿದ ಆ ನಾಯಿಯನ್ನು ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕಟ್ಟಿಹಾಕುವ ಸಾಹಸವನ್ನು ದಯವಿಟ್ಟು ಮಾಡಬೇಡಿರಿ.

ಹನ್ನೆರಡು ವರ್ಷಗಳ ಮಾತು ಕೊಡಲಾರದವರಿಗೂ ಮಾಡಲು ಕೆಲಸವಿದೆ. ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ಎರಡು ಮೂರು ವಾರ ಮನೆಯಲ್ಲಿರಿಸಿಕೊಂಡು ಆರೈಕೆ ಮಾಡುವ ಕುಟುಂಬಗಳು ಸಂಸ್ಥೆಗಳಿಗೆ ಯಾವಾಗಲೂ ಬೇಕು. ಹಳೆಯ ವೃತ್ತಪತ್ರಿಕೆ, ಹಳೆಯ ಚಾದರ, ಟವೆಲುಗಳು ರದ್ದಿಯಂಗಡಿಗೆ ಹೋಗುವ ಬದಲು ಆಶ್ರಯಧಾಮಕ್ಕೆ ಹೋದರೆ ಹಾಸಿಗೆಯಾಗುತ್ತವೆ. ದಾರಿಯಲ್ಲಿ ಕೊರಳಪಟ್ಟಿಯ ಗುರುತುಳ್ಳ ನಾಯಿ ಕಂಡರೆ ಅದರ ಹಿಂದೆ ಓಡಬಾರದು; ಹೆದರಿ ರಸ್ತೆಗೆ ನುಗ್ಗೀತು. ಗಾಯಗೊಂಡಿದ್ದರೆ ಮುಟ್ಟಲೇಬಾರದು, ನೋವಿನಲ್ಲಿರುವ ನಾಯಿ ಸಾಕಿದವನನ್ನೂ ಕಚ್ಚುತ್ತದೆ. ಎಲ್ಲಿ ಕಂಡಿತು, ಯಾವ ಹೊತ್ತಿಗೆ, ಎಂಥ ಬಣ್ಣ ಎಂಬುದನ್ನು ಗುರುತು ಹಾಕಿಕೊಂಡು ಹಿರಿಯರಿಗೆ ಹೇಳಬೇಕು. ಅವರು ಒಂದು ಭಾವಚಿತ್ರ ತೆಗೆದು ಸಂಸ್ಥೆಗೆ ತಿಳಿಸಲಿ. ಹತ್ತಿರದ ಸೊಸಾಯಿಟಿಗಳ ಕಾವಲುಗಾರರನ್ನು ವಿಚಾರಿಸುವುದೂ ಒಳ್ಳೆಯದು. ಯಾವ ಮನೆಯ ನಾಯಿ ಎಂದಿನಿಂದ ಕಾಣುತ್ತಿಲ್ಲವೆಂಬುದು ಅವರಿಗೆ ಗೊತ್ತಿರುವಷ್ಟು ಕಾರ್ಯದರ್ಶಿಗಳಿಗೂ ಗೊತ್ತಿರುವುದಿಲ್ಲ.

ಆಶ್ರಯಧಾಮದಿಂದ ತಂದ ನಾಯಿಯನ್ನು ಮೊದಲ ದಿನವೇ ಅಪ್ಪಿ ಮುದ್ದಾಡಲು ಹೋಗಬಾರದು. ನೆರೆಹೊರೆಯ ಗೆಳೆಯರನ್ನು ಕರೆದು ತೋರಿಸುವ ಸಂಭ್ರಮವೂ ಬೇಡ. ಅದು ಮಂಚದ ಕೆಳಗೆ ಸೇರಿಕೊಂಡರೆ ಸೇರಿಕೊಳ್ಳಲಿ. ನೀರಿನ ಬಟ್ಟಲನ್ನು ಹತ್ತಿರವಿಟ್ಟು ದೂರ ಕುಳಿತು ಪಾಠ ಓದಿಕೊಳ್ಳಿರಿ. ರಾತ್ರಿ ಅತ್ತರೆ ಬೈಯಬೇಡಿರಿ. ಕನ್ನಡ ಮನೆಗಳಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಈ ಊರಿನ ನಾಯಿ ಇಷ್ಟು ದಿನ ಮರಾಠಿಯನ್ನೇ ಕೇಳಿ ಬೆಳೆದದ್ದು. ‘ಬಸ್’ ಎಂದರೆ ಕೂಡುತ್ತದೆ, ‘ಇಕಡೆ ಯೇ’ ಎಂದರೆ ಬರುತ್ತದೆ. ‘ಬಾ’ ಎಂದರೆ ಕಣ್ಣು ಪಿಳುಕಿಸುತ್ತ ನಿಲ್ಲುತ್ತದೆ. ಅದು ಮೊದ್ದೆಂದು ಯಾರೂ ತೀರ್ಮಾನಿಸದಿರಲಿ. ಅಪ್ಪ ಒಂದು ಮಾತು, ಮಕ್ಕಳು ಇನ್ನೊಂದು ಮಾತು ಹೇಳದೆ ಮನೆಯವರೆಲ್ಲರೂ ಒಂದೇ ಮಾತನ್ನು ಹಿಡಿದು ಬಳಸಿದರೆ, ಕೆಲವು ವಾರಗಳಲ್ಲಿ ಅದು ಎರಡು ಭಾಷೆಗಳಲ್ಲಿಯೂ ಬಾಲ ಅಲ್ಲಾಡಿಸಲು ಕಲಿಯುತ್ತದೆ.